ಐವತ್ತು ದಾಟಿದ ಹೆಂಗಸರ ನೂರು ಮೀಟರು

ಸಿದ್ದಾಪುರ
12 ಆಗಸ್ಟ್ 1998

ಬಿಸ್ಮಿಲ್ಲಾಗೆ,

ಅಕ್ಷರ ನೋಡಿದ ಕೂಡಲೇ ಯಾರದು ಅಂತ ಗೊತ್ತಾಗಿರಬೇಕು. ಗೊತ್ತಾಗದಿದ್ದರೆ ಕೊನೆಯಲ್ಲಿ ಹೆಸರಿದೆ. ಮೊದಲು ಅದನ್ನು ನೋಡಿಕೋ, ಆಮೇಲೆ ಬೈಯಲು ಶುರುಮಾಡು.

ವಿಳಾಸ ಸಿಕ್ಕಿದ್ದು ನಿನ್ನ ಮೊಮ್ಮಗಳಿಂದ. ಯಲ್ಲಾಪುರದಲ್ಲಿ ಶಾಲೆ ಮಕ್ಕಳ ಕ್ರೀಡಾಕೂಟಕ್ಕೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ಓಟಕ್ಕೆ ಕೂತ ಹುಡುಗಿಯರಲ್ಲಿ ಒಬ್ಬಳು ಎಡಗೈ ಹೆಬ್ಬೆರಳನ್ನು ಒಳಗೆ ಮಡಚಿ, ಮುಷ್ಟಿಯನ್ನು ನೆಲಕ್ಕೆ ಊರಿದ್ದಳು. ಹಾಗೆ ಕೂರುವವಳನ್ನು ಈ ಜನ್ಮದಲ್ಲಿ ನಾನು ಇನ್ನೊಬ್ಬಳನ್ನು ಮಾತ್ರ ನೋಡಿದ್ದು. ಯಾರು ಕಲಿಸಿದರೇ ಅಂದೆ. ದಾದಿ ಅಂದಳು, ಅಂದರೆ ಅಜ್ಜಿ. ಹೆಸರು ಐಮನ್ ಅಂತೆ. ಓಡಿದ್ದು ಸುಮಾರು, ಆದರೆ ಕೂತಿದ್ದು ಥೇಟ್ ನೀನೇ.

ನಾನು ಇಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಗಂಡ ವೆಂಕಟ್ರಮಣ, ಸೊಸೈಟಿಯಲ್ಲಿ ಗುಮಾಸ್ತರು. ಊರವರ ಮಕ್ಕಳಿಗೆಲ್ಲ ಸೀಟಿ ಊದಿ ಊದಿ ಬೇಜಾರು ಬಂದು, ಮೂರು ವರ್ಷದಿಂದ ನಾನೇ ಮತ್ತೆ ಓಡಲು ಶುರುಮಾಡಿದ್ದೇನೆ. ಶಿರಸಿಯಲ್ಲಿ ಪ್ರತಿ ಜನವರಿ ಜಿಲ್ಲೆಯ ಹಿರಿಯರ ಕ್ರೀಡಾಕೂಟ ನಡೆಯುತ್ತದೆ. ಮೊದಲ ಸಲ ಹೊರಟಾಗ ನಮ್ಮವರು ಹೇಳಿದ್ದು, ‘ನಿಂಗೆಂತ ಮಳ್ಳನೇ? ಈ ವಯಸ್ಸಲ್ಲಿ ಓಡಿ ಎಂತ ಮಾಡವು?’ ಅಂತ. ಈಗ ಅವರೇ ಗ್ಲೂಕೋಸ್ ಡಬ್ಬಿ ಚೀಲಕ್ಕೆ ಹಾಕಿಕೊಡುತ್ತಾರೆ.

ವಿಷಯಕ್ಕೆ ಬರುತ್ತೇನೆ. ಐವತ್ತು ದಾಟಿದ ಹೆಂಗಸರ ನೂರು ಮೀಟರಿಗೆ ಮೂರು ಜನ ಇಲ್ಲದಿದ್ದರೆ ಓಟವನ್ನೇ ರದ್ದು ಮಾಡುತ್ತಾರೆ. ಹೋದ ಸಲ ಇದ್ದವರು ನಾನು ಮತ್ತು ಶಿರಸಿಯಲ್ಲಿ ಆಯಾ ಕೆಲಸ ಮಾಡುವ ಹೊನ್ನಿ, ಇಬ್ಬರೇ. ರದ್ದಾಯಿತು. ಹೊನ್ನಿಗೆ ಅದರ ಚಿಂತೆಯಿಲ್ಲ. ಅವಳು ಬರುವುದು ಟೀ ಶರ್ಟಿಗೆ ಮತ್ತು ಊಟದ ಪೊಟ್ಟಣಕ್ಕೆ. ನನಗೆ ಮಾತ್ರ ಅಳು ಬಂತು.

ಮೂರನೆಯವಳಾಗಿ ನೀನು ಬರಬೇಕು. ಓಡಲೇಬೇಕು ಅಂತಿಲ್ಲ. ಗೆರೆಯ ಮೇಲೆ ನಿಂತು ಆಮೇಲೆ ನಡೆದುಕೊಂಡು ಬಂದರೂ ಸಾಕು. ಎಂತಕ್ಕೂ ಒಂದು ಸಾಲು ಬರಿ.

ನಿನ್ನ ಹಳೆಯ ಬೆಂಚಿನವಳು,
ದೇವಕಿ


ಯಲ್ಲಾಪುರ
3 ಸೆಪ್ಟೆಂಬರ್ 1998

ದೇವಕಿ ಟೀಚರಿಗೆ,

ಬೈಯಲಿಕ್ಕೆ ನೀನೇ ಪರವಾನಗಿ ಕೊಟ್ಟಿದ್ದೀ, ಹಾಗಾಗಿ ಬೈತೇನೆ.

ಮೂವತ್ತಾರು ವರ್ಷ ನಾನು ಸತ್ತಿದ್ದೇನೋ ಬದುಕಿದ್ದೇನೋ ಅಂತ ಕೇಳದವಳಿಗೆ, ಮೂರನೆಯವಳು ಬೇಕಾದ ಕೂಡಲೇ ನನ್ನ ನೆನಪಾಯ್ತು. ಅದೂ ನಡೆದುಕೊಂಡು ಬಾ ಅಂತ. ನಡೆಯೋದಾದ್ರೆ ನಾನು ಮಾರ್ಕೆಟಿಗೆ ನಡೀತೇನೆ, ಮೀನಾದರೂ ಸಿಗ್ತದೆ.

ನೀನು ಮರೆತಿದ್ದರೆ ನಾನು ನೆನಪು ಮಾಡಿಕೊಡ್ತೇನೆ. ಶಿರಸಿ ಶಾಲೆಯಲ್ಲಿ ಹುಡುಗಿಯರಿಗೆ ಇದ್ದದ್ದು ಒಂದೇ ಜೋಡಿ ಮೊಳೆ ಷೂ. ನಿನ್ನ ಪಾದ ನನ್ನ ಪಾದ ಒಂದೇ ಅಳತೆ. ಹಾಗಾಗಿ ಡ್ರಿಲ್ ಮಾಸ್ತರು ನಮ್ಮನ್ನು ಯಾವತ್ತೂ ಬೇರೆ ಬೇರೆ ಗುಂಪಿಗೆ ಹಾಕೋದು. ಮೊದಲು ನೀನು ಓಡಿ ಬಿಚ್ಚಿಕೊಟ್ಟರೆ ಆಮೇಲೆ ನಾನು ಹಾಕಿಕೊಂಡು ಓಡೋದು. ನಿಮ್ಮ ಮನೆಯ ಜಗಲಿ ದಾಟಿ ಒಳಗೆ ಬಂದವಳಲ್ಲ ನಾನು, ಆದ್ರೆ ನಿನ್ನ ಬೆವರು ಆರದ ಷೂ ಹಾಕಿದ್ದೇನೆ. ನಾವಿಬ್ಬರೂ ಒಟ್ಟಿಗೆ ಓಡೋದು ಕಾರವಾರದ ಜಿಲ್ಲಾ ಫೈನಲ್ಲಿನಲ್ಲೇ ಅಂತ ಇತ್ತು. ಮಾಸ್ತರು ಎರಡನೇ ಜೋಡಿ ಎಲ್ಲಿಂದಲೋ ಎರವಲು ತಂದಿದ್ರು. ಅದೇ ವಾರ ನನ್ನ ಅಬ್ಬಾ ನಿಕಾಹ್ ಗೊತ್ತು ಮಾಡಿದ್ರು. ನೀನು ಕಾರವಾರಕ್ಕೆ ಹೋದೆ, ನಾನು ಯಲ್ಲಾಪುರಕ್ಕೆ ಬಂದೆ. ನಿನಗೆ ಫಸ್ಟ್ ಬಂತು, ಆ ಸರ್ಟಿಫಿಕೇಟಿನ ಮೇಲೆ ನೌಕರಿ ಬಂತು. ನನಗೆ ಐದು ಮಕ್ಕಳು ಬಂದ್ವು.

ನಮ್ಮ ಯಜಮಾನರು ಮಕ್ಬೂಲರು ಒಳ್ಳೆಯವರೇ. ಲಾರಿ ಇತ್ತು. ನಾಲ್ಕು ವರ್ಷದ ಹಿಂದೆ ಅರಬೈಲ್ ಘಟ್ಟದಲ್ಲಿ ತೀರಿಹೋದ್ರು. ಈಗ ಮಗ ಅಜರ್ ಲಾರಿ ನೋಡ್ಕೊಳ್ತಾನೆ. ಐಮನ್ ಅವನ ಮಗಳು.

ಬೈದು ಮುಗೀತು. ಯಾವ ತಾರೀಕು ಅಂತ ಬರಿ. ಅಲ್ಲಿ ಹೆಂಗಸರು ಏನು ಹಾಕ್ಕೊಂಡು ಓಡ್ತಾರೆ ಅಂತಲೂ ಬರಿ.

ಬಿಸ್ಮಿಲ್ಲಾ ಬಿ


ಸಿದ್ದಾಪುರ
20 ಅಕ್ಟೋಬರ್ 1998

ಬಿಸ್ಮಿಲ್ಲಾ,

ಮದುವೆಗೆ ಕರೆಯದವಳು ನೀನು. ನನ್ನ ಮೇಲೆ ಸಿಟ್ಟು ಮಾಡುವಾಗ ಅದನ್ನೂ ಲೆಕ್ಕಕ್ಕೆ ತಕೋ.

ಬರೆಯಬಹುದಿತ್ತು, ಬರೆಯಲಿಲ್ಲ. ಮೊದಲು ಏನು ಬರೆಯುವುದು ಅಂತ ಗೊತ್ತಾಗಲಿಲ್ಲ, ಆಮೇಲೆ ಬರೆಯದೇ ಇರುವುದು ರೂಢಿಯಾಯಿತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಹೇಳಿದರೆ ಸುಳ್ಳಾದೀತು.

ಜನವರಿ ಇಪ್ಪತ್ನಾಲ್ಕು, ಭಾನುವಾರ. ನಿಮ್ಮ ಈದ್ ಅದರ ಹಿಂದಿನ ವಾರವೇ ಮುಗಿದಿರುತ್ತದೆ, ಕ್ಯಾಲೆಂಡರಿನಲ್ಲಿ ನೋಡಿದೆ. ಬಟ್ಟೆ ನಿನ್ನಿಷ್ಟ. ಹೊನ್ನಿ ಸೀರೆಗೆ ಕಚ್ಚೆ ಹಾಕಿ ಓಡುತ್ತಾಳೆ. ನೀನು ಸಲ್ವಾರಿನಲ್ಲೇ ಓಡು, ಯಾರು ಬೇಡ ಅಂತಾರೆ? ಮೈಕಿನವನು ‘ಈಗ ಅಜ್ಜಿಯಂದಿರ ಓಟ’ ಅಂತ ಕೂಗಿ ನಗಿಸುತ್ತಾನೆ. ಮೊದಲ ವರ್ಷ ನಾನು ಮೇಜಿನ ಹತ್ತಿರ ಹೋಗಿ ನಿನ್ನ ಅವ್ವನಿಗೂ ಹೀಗೇ ಕರೀತೀಯೇನೋ ಅಂದುಬಂದೆ. ಈ ಸಲ ಬೇರೆಯವನು ಬಂದರೆ ಒಳ್ಳೇದು.

ಇದರ ಜೊತೆ ಯಲ್ಲಾಪುರ ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ಹುಬ್ಬಳ್ಳಿಗೆ ಹೋದಾಗ ನನಗೆ ಒಂದು ಜೋಡಿ ತಕೊಂಡೆ, ನಿನಗೂ ಒಂದು ಜೋಡಿ. ಅಳತೆ ಕೇಳುವುದೇನಿದೆ, ನನ್ನ ಕಾಲೇ ನಿನ್ನ ಕಾಲು. ಈ ಸಲ ಬಿಚ್ಚಿಕೊಡುವ ತಾಪತ್ರಯ ಇಲ್ಲ.

ಇನ್ನು ಮೇಲೆ ನಡೆದುಕೊಂಡು ಬಾ ಅನ್ನುವುದಿಲ್ಲ. ಓಡು.

ದೇವಕಿ


ಯಲ್ಲಾಪುರ
2 ಡಿಸೆಂಬರ್ 1998

ದೇವಕಿ,

ಷೂ ಬಂತು. ಹಾಕ್ಕೊಂಡೆ. ಚಂದ ಉಂಟು. ಹೊಸ ಷೂ ವಾಸನೆ ತೋರಿಸ್ತೇನೆ ಅಂತ ಐಮನ್ ಅದನ್ನು ಕೇರಿ ಪೂರ್ತಿ ಹೊತ್ಕೊಂಡು ಹೋಗಿದ್ದಳು.

ಬೆಳಗಿನ ಫಜರ್ ನಮಾಜ್ ಮುಗಿಸಿ, ಲಾರಿ ನಿಲ್ಲಿಸೋ ಬಯಲಿನ ಹಿಂದೆ ಓಡ್ತೇನೆ. ಮೊದಲ ದಿನ ಆ ತುದಿ ಮುಟ್ಟಿ ಕೂತವಳಿಗೆ ಏಳ್ಲಿಕ್ಕೆ ಆಗ್ಲಿಲ್ಲ. ಎದೆ ಒಡೀತದೆ ಅನ್ನಿಸ್ತು. ಕೂತಲ್ಲೇ ನಗು ಬಂತು, ಯಾಕೆ ಅಂತ ಗೊತ್ತಿಲ್ಲ. ಈಗ ಪರವಾಗಿಲ್ಲ. ಕ್ಲೀನರ್ ಹುಡುಗರು ಶುರುವಿಗೆ ನಗ್ತಿದ್ರು, ಈಗ ದಾರಿಯ ಕಲ್ಲು ಆರಿಸಿ ಬದಿಗೆ ಹಾಕ್ತಾರೆ.

ಅಜರ್‌ಗೆ ನಾಚಿಕೆ. ಜನ ಕೇಳ್ತಾರೆ ಅಮ್ಮೀ ಅಂತಾನೆ. ಜನ ಕೇಳಿದ್ರೆ ನಿನ್ನ ಅಮ್ಮಿಗೆ ಕಾಲಿವೆ ಅಂತ ಹೇಳು ಅಂದೆ. ಎರಡು ದಿನ ಮಾತು ಬಿಟ್ಟಿದ್ದ. ಮೂರನೇ ದಿನ ಅವನೇ ಡಾಕ್ಟರ್ ಹತ್ರ ಕರ್ಕೊಂಡು ಹೋದ. ಸಕ್ಕರೆ ಕಾಯಿಲೆ ಅಂದ್ರು. ಮಾತ್ರೆ ಕೊಟ್ಟಿದ್ದಾರೆ, ಚಾಗೆ ಸಕ್ಕರೆ ಬಿಟ್ಟಿದ್ದೇನೆ. ಹೋದ ವರ್ಷವೆಲ್ಲ ಅಂಗಾಲು ಉರೀತಿತ್ತು, ಈಗ ಉರಿಯೂ ಇಲ್ಲ ನೋವೂ ಇಲ್ಲ, ಎಷ್ಟು ಓಡಿದ್ರೂ ಕಾಲು ಏನೂ ಹೇಳೋದಿಲ್ಲ. ಓಡೋದಕ್ಕೆ ಅದೇ ಒಳ್ಳೇದಾಯ್ತು.

ರಂಜಾನ್ ಹತ್ರ ಬಂತು. ರೋಜಾ ಹಿಡಿದೇ ಓಡ್ತೇನೆ. ಡಾಕ್ಟರಿಗೆ ಹೇಳಬೇಡ ಅಂತ ಐಮನ್‌ಗೆ ಕಸಮ್ ಹಾಕಿದ್ದೇನೆ.

ಒಂದು ಮಾತು ಈಗಲೇ ಬರೀತೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡ. ನಾನು ನಿನ್ನ ಮೂರನೆಯವಳಾಗಿ ಬರೋದಿಲ್ಲ. ಕಾರವಾರದಲ್ಲಿ ನಾನು ಇದ್ದಿದ್ರೆ ಯಾರು ಮುಂದೆ ಬರ್ತಿದ್ರು ಅಂತ ಇಷ್ಟು ವರ್ಷ ರೊಟ್ಟಿ ತಟ್ಟುವಾಗ, ಮಗು ತೂಗುವಾಗ ಲೆಕ್ಕ ಹಾಕಿದ್ದೇನೆ. ಅದನ್ನು ತಿಳ್ಕೊಳ್ಳಲಿಕ್ಕೆ ಬರ್ತೇನೆ. ಸಾಯೋ ಮುಂಚೆ ನನಗೆ ಅದೊಂದು ಗೊತ್ತಾಗಬೇಕು.

ಬಿಸ್ಮಿಲ್ಲಾ


ಸಿದ್ದಾಪುರ
27 ಜನವರಿ 1999

ಪ್ರಿಯ ಬಿಸ್ಮಿಲ್ಲಾ,

ಮೂರು ದಿನವಾದರೂ ತೊಡೆ ಹಿಡಿದುಕೊಂಡಿದೆ. ನಿನ್ನ ಗತಿ ಏನೋ.

ನೀನು ಬಸ್ಸಿನಿಂದ ಇಳಿದಾಗ ನಾನು ಗುರುತು ಹಿಡಿಯಲಿಲ್ಲ, ನಿಜ. ದಪ್ಪ ಆಗಿದ್ದೀಯ, ನಾನೂ ಆಗಿದ್ದೇನೆ. ಆದರೆ ಗೆರೆಯ ಮೇಲೆ ಮುಷ್ಟಿ ಊರಿ ಕೂತೆಯಲ್ಲ, ಆಗ ನನಗೆ ಅದೇ ಹಳೆಯ ಹೆದರಿಕೆ ಬಂತು. ಎಷ್ಟು ವರ್ಷದ ಮೇಲೆ ಹಾಗೆ ಹೆದರಿದ್ದು. ಹೊನ್ನಿಯ ಪಕ್ಕ ಕೂತರೆ ಹೆದರಿಕೆ ಬರುವುದಿಲ್ಲ.

ಈಗ ಜಗಳದ ಮಾತು. ಪದಕ ಕೊಡುವಾಗ ಎಲ್ಲರೆದುರು ನೀನು, ‘ಷೂ ಬಿಗಿ ಆಯ್ತು, ಇಲ್ಲದಿದ್ರೆ ತೋರಿಸ್ತಿದ್ದೆ’ ಅಂದೆ. ಅರ್ಧ ದಾಟುವವರೆಗೆ ನೀನು ಮುಂದಿದ್ದೆ, ಒಪ್ಪಿದೆ. ಆದರೆ ಅರ್ಧಕ್ಕೆ ಯಾರೂ ಪದಕ ಕೊಡುವುದಿಲ್ಲ. ಕೊನೆಗೆ ದಾರ ನನ್ನ ಎದೆಗೆ ತಾಗಿತು. ಷೂ ಬಿಚ್ಚಿದಾಗ ಕಾಲುಚೀಲಕ್ಕೆ ಸ್ವಲ್ಪ ಕೆಂಪು ಹತ್ತಿತ್ತು, ನೋಡಿದೆ. ಓಡುವವರ ಕಾಲಲ್ಲಿ ಬೊಕ್ಕೆ ಏಳದೆ ಇನ್ನೇನು ಮಲ್ಲಿಗೆ ಅರಳುತ್ತದಾ? ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಐಮನ್ ಇನ್ನು ಮೇಲೆ ಹಾಗೇ ಹೇಳಬೇಕು ಅಂತ ಅವಳ ಕಿವಿಯಲ್ಲಿ ಊದಿ ಬಂದಿದ್ದೇನೆ.

ಸಿಟ್ಟು ಬಂತಾ? ಬರಲಿ. ಸಿಟ್ಟಿನಲ್ಲಿ ನೀನು ಚೆನ್ನಾಗಿ ಓಡುತ್ತೀಯ. ರಾಜ್ಯಮಟ್ಟಕ್ಕೆ ಮೊದಲಿನ ಇಬ್ಬರು ಹೋಗಬಹುದು, ಜೂನ್‌ನಲ್ಲಿ ದಾವಣಗೆರೆ. ಅಲ್ಲಿ ಮತ್ತೆ ಸಿಗು.

ಗೆದ್ದವಳು,
ದೇವಕಿ


ಯಲ್ಲಾಪುರ
10 ಫೆಬ್ರವರಿ 1999

ದೇವಕಿ,

ಆಯ್ತು. ನೆಲ ಡೊಂಕಲ್ಲ, ಷೂ ಬಿಗಿಯಲ್ಲ. ಕಾಲಿನ ಮಾತು ಇನ್ನು ಮೇಲೆ ನಾನು ಎತ್ತೋದಿಲ್ಲ, ನೀನು ನನ್ನ ಬಾಯಿಂದ ಕೇಳೋದಿಲ್ಲ.

ದಾವಣಗೆರೆಯಲ್ಲಿ ಸಿಗ್ತೇನೆ. ಬರಿಗಾಲಲ್ಲಿ ಓಡ್ತೇನೆ. ಆಗ ನೋಡುವಾ.

ಬಿ.


ಸಿದ್ದಾಪುರ
18 ಜೂನ್ 1999

ಬಿಸ್ಮಿಲ್ಲಾ,

ದಾವಣಗೆರೆಗೆ ಯಾಕೆ ಬರಲಿಲ್ಲ? ಏಪ್ರಿಲ್‌ನಲ್ಲಿ ಹಾಕಿದ ಕಾರ್ಡಿಗೂ ಉತ್ತರವಿಲ್ಲ. ಹೆಸರು ಕೂಗಿದರು, ನಾಲ್ಕನೆಯ ಲೇನ್ ಖಾಲಿ ಇತ್ತು. ಖಾಲಿ ಲೇನಿನ ಪಕ್ಕ ಓಡುವುದು ಎಂಥ ಕೆಟ್ಟದ್ದು ಅಂತ ನನಗೆ ಗೊತ್ತಿರಲಿಲ್ಲ. ನಾಲ್ಕನೆಯವಳಾಗಿ ಬಂದೆ. ಬೆಂಗಳೂರಿನ ಹೆಂಗಸರು ಓಡುತ್ತಾರೋ ಹಾರುತ್ತಾರೋ.

ಹೆದರಿಕೊಂಡೆ ಅಂತ ತಿಳಿದುಕೊಳ್ಳಲಾ? ಶಿರಸಿ ಓಟದ ಮೇಲೆ ಇನ್ನೂ ಮುಖ ಊದಿಸಿಕೊಂಡು ಕೂತಿದ್ದೀಯಾ? ಮಾರಾಯ್ತಿ, ನಾನು ತಮಾಷೆಗೆ ಬರೆದದ್ದು. ನೀನೂ ಒಂದು ಕೆಟ್ಟ ಗಾದೆ ಹುಡುಕಿ ನನಗೆ ಹೊಡಿ, ಸಮ ಆಗಲಿ.

ಮಳೆ ಬಿಟ್ಟ ಕೂಡಲೇ ಶಿರಸಿಗೆ ಬಾ. ಯಾರೂ ನೋಡದ ಹಾಗೆ ಇಬ್ಬರೇ ಓಡುವ. ಹೊನ್ನಿ ಬೇಕಾದರೆ ದಾರ ಹಿಡಿಯಲಿ.

ದೇವಕಿ


ಯಲ್ಲಾಪುರ
5 ಸೆಪ್ಟೆಂಬರ್ 1999

ದೇವಕಿ ಮೇಡಂ ಅವರಿಗೆ,

ನಾನು ಬಿಸ್ಮಿಲ್ಲಾ ಬಿ ಅವರ ಮಗ ಅಜರ್. ನಿಮ್ಮ ಕಾಗದಗಳು ಬರ್ತಾ ಇವೆ. ಜೂನ್ ತಿಂಗಳಿನದನ್ನು ನಾನೇ ಒಡೆದೆ. ಓದಿದ ಮೇಲೆ ಅಮ್ಮಿಗೆ ಕೊಡಲಿಲ್ಲ.

ಅಮ್ಮಿಯ ಬಲಗಾಲು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ತೆಗೆದರು. ಮೊಣಕಾಲಿನ ಕೆಳಗೆ.

ಆ ಷೂ ಅವರಿಗೆ ಸಣ್ಣದಾಗಿತ್ತು. ನಮ್ಮ ಮನೆಯಲ್ಲಿ ಅವರು ಗಂಡಸರ ಚಪ್ಪಲಿ ಹಾಕೋದು, ಬೇರೆ ಯಾವುದೂ ಆಗೋದಿಲ್ಲ. ಐದು ಹೆತ್ತ ಮೇಲೆ ಕಾಲು ಮೊದಲಿನ ಹಾಗೆ ಇರ್ತದಾ? ಆದ್ರೆ ನೀವು ಕಳಿಸಿದ್ದು ಅಂತ ಹೇಗೋ ತುರುಕಿ ಹಾಕ್ಕೊಂಡ್ರು. ಹೆಬ್ಬೆರಳ ಬದಿಗೆ ಗಾಯ ಆಗಿ ಕೊಳೀತಾ ಬಂತು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ನೋವು ಗೊತ್ತಾಗೋದಿಲ್ಲ ಅಂತ ಡಾಕ್ಟರ್ ಹೇಳಿದ್ರು. ನೋವು ಗೊತ್ತಾಗದಿದ್ರೂ ಕಣ್ಣಿಗೆ ಕಾಣ್ತಿತ್ತಲ್ಲ. ಮನೆಯೊಳಗೂ ಕಾಲುಚೀಲ ಹಾಕ್ಕೊಂಡೇ ಇರ್ತಿದ್ರು. ಕಾಲಿಗೆ ಏನಾಯ್ತು ಅಂದ್ರೆ ಚಳಿ ಅಂದ್ರು. ಏಪ್ರಿಲ್‌ನಲ್ಲಿ ಯಾರಿಗೆ ಚಳಿ? ವಾಸನೆ ಬಂದ ಮೇಲೆ ನಾನು ಜಬರ್ದಸ್ತಿ ಮಾಡಿ ತೆಗೆಸಿದೆ. ಆಗ ಎರಡು ಬೆರಳು ಕಪ್ಪಾಗಿದ್ವು.

ಯಾಕೆ ಹೇಳಲಿಲ್ಲ ಅಂತ ಡಾಕ್ಟರ್ ಬೈದ್ರು. ಹೇಳಿದ್ರೆ ಅವಳು ನೆಲ ಡೊಂಕು ಅಂತಾಳೆ ಅಂದ್ರು. ಡಾಕ್ಟರಿಗೆ ಅರ್ಥ ಆಗಲಿಲ್ಲ. ನನಗೂ ಆಗಿರಲಿಲ್ಲ. ನಿಮ್ಮ ಜನವರಿ ತಿಂಗಳಿನ ಕಾಗದ ಅಮ್ಮಿಯ ದಿಂಬಿನ ಕೆಳಗೆ ಸಿಕ್ಕಿದ ಮೇಲೆ ಆಯ್ತು.

ನೀವು ಬೇಕಂತ ಮಾಡಿದ್ದು ಅಂತ ನಾನು ಹೇಳೋದಿಲ್ಲ. ಇನ್ನು ಬರೀಬೇಡಿ.

ಅಜರ್


ಸಿದ್ದಾಪುರ
14 ಅಕ್ಟೋಬರ್ 1999

ಬಿಸ್ಮಿಲ್ಲಾ,

ಬರೀಬೇಡಿ ಅಂತ ನಿನ್ನ ಮಗ ಬರೆದಿದ್ದಾನೆ. ನಾನು ಬರೆಯುತ್ತೇನೆ. ಹರಿದು ಹಾಕುವುದಾದರೆ ಅವನು ಹಾಕಲಿ.

ಹೋದ ಭಾನುವಾರ ಬಂದಿದ್ದೆ. ಬಂದದ್ದು ನಿನಗೆ ಗೊತ್ತಿದೆ. ಬಾಗಿಲ ಮರೆಯಲ್ಲಿ ನಿನ್ನ ಕೆಮ್ಮು ಕೇಳಿಸಿತು. ಅಜರ್ ಜಗುಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದ. ಚಾ ತಂದುಕೊಟ್ಟ. ಮರ್ಯಾದೆಯಿಂದಲೇ ಮಾತಾಡಿದ, ಮೇಡಂ ಅಂದ. ಅಮ್ಮಿ ಮಲಗಿದ್ದಾರೆ ಅಂದ. ಒಳಗೆ ಬನ್ನಿ ಅನ್ನಲಿಲ್ಲ. ಲೋಟ ಖಾಲಿಯಾದ ಮೇಲೂ ನಾನು ಕೂತೇ ಇದ್ದೆ. ಐಮನ್ ಬಾಗಿಲ ಸಂದಿಯಿಂದ ನೋಡಿ ಒಳಗೆ ಹೋದಳು. ಕೊನೆಯ ಬಸ್ಸು ಬರುವ ಹೊತ್ತಾಯಿತು, ಎದ್ದು ಬಂದೆ.

ಸಣ್ಣ ಷೂ ಕಳಿಸಿದ್ದು ನಾನು. ಅಳತೆ ಕೇಳದೇ ಕಳಿಸಿದ್ದು ನಾನು. ಆ ಹಾಳು ಗಾದೆ ಬರೆದದ್ದೂ ನಾನೇ. ನನ್ನ ಕಾಲು ನೋಡಿಕೊಂಡರೆ ಈಗ ನನಗೆ ಅಸಹ್ಯವಾಗುತ್ತದೆ. ನಮ್ಮವರ ಹತ್ತಿರ ಹೇಳಿಕೊಂಡು ಅತ್ತೆ. ಅವರು ಪಾಪ, ನೀನು ಬೇಕು ಅಂತ ಮಾಡಿದ್ದಲ್ಲವಲ್ಲ ಅಂದರು. ಅಜರ್ ಬರೆದದ್ದೂ ಅದನ್ನೇ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ, ನನಗೆ ಅದರಿಂದ ಏನೂ ಆಗುತ್ತಿಲ್ಲ.

ನೀನು ಒಂದು ಸಾಲು ಬರಿ. ಬೈ. ಚೆನ್ನಾಗಿ ಬೈ.

ದೇವಕಿ


ಯಲ್ಲಾಪುರ
21 ನವೆಂಬರ್ 1999

ದೇವಕಿ,

ಕಣ್ಣಿಗೂ ಸಕ್ಕರೆ ಹೋಗಿದೆ. ನನಗೆ ಅಕ್ಷರ ಕಾಣೋದಿಲ್ಲ, ಇದನ್ನು ನಾನು ಹೇಳಿ ಐಮನ್ ಕೈಯಲ್ಲಿ ಬರೆಸ್ತಾ ಇದ್ದೇನೆ. ಕೆಲವು ಮಾತು ಅವಳಿಗೆ ಬೇಡ. ಅದನ್ನು ಕೊನೆಗೆ ನಾನೇ ಅಂದಾಜಿನ ಮೇಲೆ ಬರೀತೇನೆ, ಸಾಲು ವಾರೆ ಆದ್ರೆ ಓದ್ಕೋ.

ನೀನು ಬಂದಾಗ ನಾನು ಎದ್ದೇ ಇದ್ದೆ. ಒಳಗೆ ಕರೀಬೇಡ ಅಂತ ಅಜರ್‌ಗೆ ಹೇಳಿದ್ದು ನಾನೇ. ನೀನು ನನ್ನ ಕಾಲು ನೋಡಿ ಅಳ್ತೀ. ಅದು ನನಗೆ ಬೇಡ. ಅಳುವವರು ನಮ್ಮ ಕೇರಿಯಲ್ಲೇ ಬೇಕಾದಷ್ಟು ಜನ ಇದ್ದಾರೆ, ಬಂದು ಕೂತು, ಈ ವಯಸ್ಸಲ್ಲಿ ಓಡಬೇಕಿತ್ತಾ ಬಿಸ್ಮಿಲ್ಲಾ ಅಂತ ಹೇಳಿ, ಚಾ ಕುಡಿದು ಹೋಗ್ತಾರೆ.

ಷೂ ನೀನು ಕಳಿಸಿದ್ದು, ಹಾಕ್ಕೊಂಡದ್ದು ನಾನು. ಸಣ್ಣದು ಅಂತ ಒಂದು ಮಾತು ಬರೆದಿದ್ರೆ ನೀನು ಬದಲಾಯಿಸ್ತಿದ್ದೆ. ಬರೀಲಿಕ್ಕೆ ಮನಸ್ಸು ಬರಲಿಲ್ಲ. ನಿನ್ನ ಕಾಲು ಮೊದಲಿನ ಹಾಗೇ ಇರ್ತದೆ, ನನ್ನದು ಹಾಳಾಗಿದೆ ಅಂತ ಯಾಕೆ ಹೇಳ್ಲಿ? ಆಮೇಲೆ ಗಾಯ ಬಚ್ಚಿಟ್ಟದ್ದೂ ನನ್ನ ಜಿದ್ದೇ. ಅದರ ಲೆಕ್ಕ ನಾನು ಖುದಾನ ಹತ್ರ ಮಾಡ್ಕೊಳ್ತೇನೆ. ನೀನು ನಡುವೆ ಬರಬೇಡ.

ಇನ್ನೊಂದು ಕಾಲಿನ ಬೆರಳೂ ಬಣ್ಣ ತಿರುಗಿದೆ. ಕಿಡ್ನಿಯೂ ಸರಿಯಿಲ್ಲ ಅಂತ ಡಾಕ್ಟರ್ ಅಜರ್‌ನ ಹತ್ರ ಹೊರಗೆ ನಿಂತು ಹೇಳಿದ್ದು ನನಗೆ ಕೇಳಿಸ್ತು. ಕಣ್ಣು ಹೋದವರಿಗೆ ಕಿವಿ ಚುರುಕು.

ಇಲ್ಲಿಂದ ನಾನೇ ಬರೀತಾ ಇದ್ದೇನೆ.

ದೇವಕಿ, ಒಂದೇ ಒಂದು ಕೇಳ್ತೇನೆ. ಷೂ ಸರಿ ಇದ್ದಿದ್ರೆ ಯಾರು ಗೆಲ್ತಿದ್ರು? ನನ್ನ ಪಕ್ಕದಲ್ಲಿ ಓಡಿದವಳು ನೀನು. ನಿನ್ನ ಬಿಟ್ಟು ಇನ್ಯಾರಿಗೂ ಅದು ಗೊತ್ತಿಲ್ಲ. ಮರುಕ ಬೇಡ. ನೀನು ಅಂತ ಆದ್ರೆ ನೀನು ಅಂತ ಬರಿ, ನಾನು ಅಂತ ಆದ್ರೆ ನಾನು ಅಂತ ಬರಿ. ಬೇರೆ ಏನೂ ಬರೀದಿದ್ರೂ ನಡೀತದೆ.

ಬಿಸ್ಮಿಲ್ಲಾ


ಸಿದ್ದಾಪುರ
12 ಡಿಸೆಂಬರ್ 1999

ಪ್ರಿಯ ಬಿಸ್ಮಿಲ್ಲಾ,

ನಿನ್ನ ಕಾಗದ ಬಂದು ಹದಿನೈದು ದಿನದ ಮೇಲಾಯಿತು. ನಾಲ್ಕು ಸಲ ಕೂತು ಎದ್ದೆ.

ಮೊದಲು ನಿನ್ನ ಆರೋಗ್ಯದ ಮಾತು. ಹುಬ್ಬಳ್ಳಿಯಲ್ಲಿ ಕಿಡ್ನಿಯ ಒಬ್ಬ ದೊಡ್ಡ ಡಾಕ್ಟರು ಇದ್ದಾರಂತೆ, ನಮ್ಮ ಹೆಡ್‌ಮಿಸ್ಸಿನ ಅಳಿಯನ ಪರಿಚಯ. ನಾನೇ ಹೋಗಿ ಮಾತಾಡುತ್ತೇನೆ, ಅಜರ್‌ಗೆ ಹೇಳು. ಕೃತಕ ಕಾಲು ಈಗ ತುಂಬ ಚೆನ್ನಾಗಿ ಮಾಡುತ್ತಾರೆ. ಕುಮಟಾ ಕಡೆಯ ಒಬ್ಬರು ಅದನ್ನು ಹಾಕಿಕೊಂಡು ಗುಡ್ಡ ಹತ್ತುವುದನ್ನು ನಮ್ಮವರು ಕಣ್ಣಾರೆ ನೋಡಿದ್ದಾರೆ. ಸರಿಯಾಗಿ ಅಳತೆ ತೆಗೆಸಿಯೇ ಮಾಡಿಸುವ. ಈ ಸಲ ರೋಜಾ ಹಿಡಿಯಬೇಡ, ನಿಮ್ಮಲ್ಲಿಯೂ ಕಾಯಿಲೆಯವರಿಗೆ ವಿನಾಯಿತಿ ಇದೆಯಂತೆ, ನಮ್ಮ ಶಾಲೆಯ ಉರ್ದು ಟೀಚರು ಹೇಳಿದರು.

ನಾನು ಓಡುವುದು ಬಿಟ್ಟೆ. ಜನವರಿ ಕೂಟಕ್ಕೆ ಹೆಸರು ಕೊಟ್ಟಿಲ್ಲ. ನನ್ನ ಷೂವನ್ನು ಶಾಲೆಯ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟೆ, ಕಾಲು ಹಾಕಿಸಿ ನೋಡಿಯೇ ಕೊಟ್ಟೆ. ಹೊನ್ನಿ ಎರಡು ಸಲ ಮನೆಗೆ ಬಂದು, ಅಕ್ಕೋರೆ ನೀವಿಲ್ಲದಿದ್ರೆ ಓಟವೇ ಇಲ್ಲ ಅಂದಳು. ಇಲ್ಲದಿದ್ದರೆ ಬೇಡ ಅಂದೆ.

ನೀನು ಕೇಳಿದ್ದಕ್ಕೆ ಏನು ಹೇಳಲಿ? ಆ ಓಟದ ಮಾತು ಈಗ ಯಾಕೆ ಬಿಡು. ಎರಡು ಮುದುಕಿಯರು ಓಡಿದರು, ಮುಗಿಯಿತು. ಯಾರು ಮುಂದೆ ಬಂದರೆ ಏನು? ನೀನು ಮೊದಲು ಗುಣ ಆಗು. ಆಮೇಲೆ ಇಬ್ಬರೂ ಕೂತು ಬೇಕಾದಷ್ಟು ಜಗಳ ಆಡುವ. ನಿನ್ನ ನೆನಪಾಗದ ದಿನವಿಲ್ಲ, ಇದನ್ನು ಮಾತ್ರ ನಂಬು.

ಎಂದೆಂದೂ ನಿನ್ನವಳೇ ಆದ,
ದೇವಕಿ


ಯಲ್ಲಾಪುರ
16 ಜನವರಿ 2000

ದೇವಕಿ ಟೀಚರಿಗೆ,

ನಾನು ಐಮನ್. ದಾದಿ ಈದ್ ಆಗಿ ಮೂರನೇ ದಿನ ತೀರಿಕೊಂಡರು. ನಿಮಗೆ ಫೋನ್ ಮಾಡೋದಾ ಅಂತ ಅಬ್ಬಾನ ಹತ್ತಿರ ಕೇಳಿದೆ. ಅವರು ಎದ್ದು ಲಾರಿಯ ಹತ್ತಿರ ಹೋದರು. ಕಾಗದ ಬರೆಯೋದಾ ಅಂತ ನಿನ್ನೆ ಕೇಳಿದೆ. ಬರಿ ಅಂದರು.

ನಿಮ್ಮ ಡಿಸೆಂಬರ್ ತಿಂಗಳಿನ ಕಾಗದ ಬಂದಾಗ ನಾನೇ ದಾದಿಗೆ ಓದಿ ಹೇಳಿದ್ದು. ಕೇಳಿ ಮುಗಿದ ಮೇಲೆ ಇನ್ನೊಂದು ಸಲ ಓದು ಅಂದರು. ಓದಿದೆ. ಹಿಂದಿನ ಮಗ್ಗುಲಲ್ಲಿ ಏನಾದರೂ ಬರೆದಿದ್ದಾಳಾ ನೋಡು ಅಂದರು. ಇಲ್ಲ ಅಂದೆ. ಲಕೋಟೆಯ ಒಳಗೆ ಬೇರೆ ಚೀಟಿ ಇದೆಯಾ ನೋಡು ಅಂದರು. ಅದನ್ನೂ ಬಿಡಿಸಿ ನೋಡಿದೆ, ಇರಲಿಲ್ಲ. ಆಮೇಲೆ ದಾದಿ ಗೋಡೆಯ ಕಡೆ ತಿರುಗಿ, ‘ಬರೀಲಿಲ್ಲ ಅವಳು’ ಅಂದರು. ಮತ್ತೆ ನಿಮ್ಮ ಹೆಸರು ತೆಗೆಯಲಿಲ್ಲ.

ಅವರು ಕೇಳಿದ್ದು ಏನು ಅಂತ ನನಗೆ ಗೊತ್ತಿಲ್ಲ. ಆ ಕಾಗದದಲ್ಲಿ ಕಡೆಯದನ್ನು ಅವರೇ ಬರೆದು ನನಗೆ ತೋರಿಸದೆ ಅಂಟಿಸಿದ್ದರು.

ಐಮನ್


ಸಿದ್ದಾಪುರ
20 ಜನವರಿ 2000

ಐಮನ್,

ನಿನ್ನ ದಾದಿ ಕೇಳಿದ್ದು ಇಷ್ಟೇ: ಷೂ ಸರಿ ಇದ್ದಿದ್ದರೆ ಯಾರು ಗೆಲ್ಲುತ್ತಿದ್ದರು ಅಂತ.

ಅವಳು. ಅನುಮಾನವೇ ಇಲ್ಲ. ಗೆರೆ ಬಿಟ್ಟ ಕೂಡಲೇ ಅವಳ ಬೆನ್ನು ಕಂಡಿತು, ಇನ್ನು ಇವಳು ನನಗೆ ಸಿಗುವುದಿಲ್ಲ ಅಂತ ಅಲ್ಲೇ ಗೊತ್ತಾಯಿತು. ಆಮೇಲೆ ಅವಳ ಬಲಗಾಲು ಕುಂಟತೊಡಗಿತು, ಅದನ್ನೂ ನೋಡಿದೆ. ನೋಡಿ ಖುಷಿಪಟ್ಟು ಮುಂದೆ ಹೋದೆ. ಕಾರವಾರದಲ್ಲಿ ಅವಳಿದ್ದಿದ್ದರೆ ಅಲ್ಲಿಯೂ ಅವಳೇ.

ಡಿಸೆಂಬರ್‌ನಲ್ಲಿ ಇದನ್ನು ಒಂದು ಹಾಳೆಯಲ್ಲಿ ಬರೆದಿದ್ದೆ. ಓದಿ ನೋಡಿದೆ, ಕಳಿಸುವ ಮನಸ್ಸಾಗಲಿಲ್ಲ. ಹರಿದು ಹಾಕಿ ಕೃತಕ ಕಾಲಿನ ಸಂಗತಿ ಬರೆದೆ. ನನ್ನ ಹತ್ತಿರ ಇದ್ದದ್ದು ಆ ಫಸ್ಟ್ ಒಂದೇ, ಐಮನ್. ಸಾಯುತ್ತಿದ್ದವಳಿಗೂ ನನಗೆ ಅದನ್ನು ಬಿಟ್ಟುಕೊಡಲು ಆಗಲಿಲ್ಲ.

ಇದನ್ನು ಓದಿಸಿ ಕೇಳುವವಳು ಈಗ ಇಲ್ಲ ಅಂತ ಗೊತ್ತು. ಆದರೂ ನೀನು ಒಂದು ಸಲ ಗಟ್ಟಿಯಾಗಿ ಓದು.

ದೇವಕಿ